ಹದಿನೇಳನೆಯ ಕಟ್ಟು

ಅಂಗ್ರಾ ಊರಿನ ದಾಖಲೆ ಮನೆಯಲ್ಲಿ
ಕಟ್ಟು ಬಿಚ್ಚಿ ಕೊಡುವುದು, ಮತ್ತೆ ಕಟ್ಟಿ ಇಡುವುದು
ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು.
ಬಾಗಿಲು ತೆಗೆದರೆ ಮೊದಲು ಒಳಬರುವುದು ಉಪ್ಪಿನ ಗಾಳಿ,
ಅದರ ಬೆನ್ನಿಗೇ ಎರ್ಮೀನಿಯು.

ಹಾಲು ಕರೆದು, ಗುಡ್ಡ ಇಳಿದು ಬಂದವನು
ಕೈ ತೊಳೆದು ತೋರಿಸುತ್ತಾನೆ ನನಗೆ, ಶಾಲೆ ಹುಡುಗನ ಹಾಗೆ,
ಅಂಗೈ ಒಮ್ಮೆ, ಮುಂಗೈ ಒಮ್ಮೆ.
ಉಗುರ ಸಂದಿಯ ಕಪ್ಪು ಮಾತ್ರ ಹೋಗುವುದಿಲ್ಲ.
ಈ ದ್ವೀಪದ ಕಲ್ಲೇ ಕಪ್ಪು, ಬೆಂಕಿ ಹೆತ್ತದ್ದು.

ಅವನಿಗೆ ಬೇಕಾದ್ದು ಒಂದೇ ಹಡಗು: ಸಾಂತಾ ಎಂಗ್ರಾಸಿಯಾ.
(ಮುಗಿಯದ ಕೆಲಸಕ್ಕೆ ನಮ್ಮಲ್ಲಿ ಆ ಸಂತಳ ಹೆಸರೇ ಗಾದೆ.
ಅವನ ಹೆಂಡತಿ ಜುಲ್ಮೀರಾ ದಿನಕ್ಕೆರಡು ಸಲ ಹೇಳುತ್ತಾಳೆ.)
ಆಗ್ನೇಯದಿಂದ ಬೀಸುವ ಗಾಳಿಗೆ ಇಲ್ಲಿ ಬಡಗಿ ಎಂದು ಹೆಸರು:
ರಾತ್ರಿಯೆಲ್ಲ ಹಡಗನ್ನು ಬಂಡೆಗೆ ಬಡಿದು
ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಮರ ಹಂಚುತ್ತದೆ.
ಅಂಥ ಒಂದು ರಾತ್ರಿ, ನಾನೂರು ವರ್ಷದ ಹಿಂದೆ,
ಹದಿನಾಲ್ಕು ಪೆಟ್ಟಿಗೆ ಬೆಳ್ಳಿ.

ಯಾವನೋ ಪಾದ್ರಿ ಬರೆದ ಪುಸ್ತಕದ ಅಡಿಟಿಪ್ಪಣಿಯಲ್ಲಿ
ಒಂದೂವರೆ ಸಾಲು. ಅಷ್ಟೇ ಹಗ್ಗ.
ಅದನ್ನು ಹಿಡಿದು ಇಳಿದವನು
ಹಳೆ ಗುಮಾಸ್ತರ ಮೋಡಿ ಬರಹ ಕಲಿತ,
ಹಸುವಿನ ಬೆನ್ನ ಧೂಳಲ್ಲಿ ಬೆರಳಿಂದ ಗೀಚಿ ಗೀಚಿ:
ಮಂಡಿ ಮಡಿಸಿದ ಎಸ್, ಬಸುರಿ ಬಿ.
ತೆರಿಗೆ ಪಟ್ಟಿ, ಸತ್ತವರ ಪಟ್ಟಿ, ಮೇಣದ ಬತ್ತಿಯ ಖರ್ಚು,
ಎಲ್ಲ ಓದಿದ. ಚಳಿಗಾಲ ಕಾಗದದಲ್ಲಿ,
ಬೇಸಿಗೆ ನೀರಲ್ಲಿ, ಅಳಿಯ ವಾಲ್ದೆಮಾರನ ದೋಣಿಯಿಂದ.
ತಂದದ್ದು: ಸೀಸದ ಗುಂಡು, ಚಮಚದ ಹಿಡಿ, ಹಿಡಿಯಿಲ್ಲದ ಹೂಜಿ,
ಒಂದು ಬಿಳಿ ಕಲ್ಲು. ಅದನ್ನು ಜುಲ್ಮೀರಾ
ಚೀಸ್ ಒತ್ತಲು ಇಟ್ಟುಕೊಂಡಳು.
ಹೊಳೆಯಲ್ಲಲ್ಲ, ಕಡಲಲ್ಲೇ ಹುಣಸೆ ತೊಳೆಯುತ್ತಿದ್ದಾನೆ
ಎಂದಿತು ಊರು.

ಹೋದ ಮಾಗಿಯಲ್ಲಿ, ದಾರ ಬದಲಿಸುವಾಗ,
ಸುಂಕದ ಕಟ್ಟೆಯ ಹದಿನೇಳನೆಯ ಕಟ್ಟಿನಲ್ಲಿ ನಾನು ಕಂಡೆ:
ಹಡಗು ಮುಳುಗಿದ ಮೂರೇ ತಿಂಗಳಿಗೆ
ಗಿನಿಯ ತೀರದಿಂದ ತಂದ ಒಂಬತ್ತು ಮುಳುಗಾಳುಗಳು
ಹದಿನಾಲ್ಕು ಪೆಟ್ಟಿಗೆಯನ್ನೂ ಎತ್ತಿದರು.
ಎಣಿಸಲಾಯಿತು. ಮೊಹರು ಬಿತ್ತು. ಸಾಗಿಸಲಾಯಿತು.
ಇಬ್ಬರು ಮೇಲೆ ಬರಲಿಲ್ಲ. ಅವರ ಬೆಲೆ
ನಷ್ಟದ ಕಾಲಮಿನಲ್ಲಿ, ಹರಿದ ಹಗ್ಗದ ಬೆಲೆಯ ಕೆಳಗೆ.
ಒಬ್ಬ ಬಸ್ತಿಯಾಂವ್. ಇನ್ನೊಬ್ಬನ ಹೆಸರಿದ್ದಲ್ಲಿ
ಹುಳು ಕೊರೆದ ತೂತು, ಅದರಾಚೆ ನನ್ನ ಹೆಬ್ಬೆರಳು.

ಹೇಗೆ ಕೊಡಲಿ ಇದನ್ನು ಅವನ ಕೈಗೆ?
ದುರಸ್ತಿಗೆ ಹೋಗಿದೆ ಎಂದೆ. ನನ್ನ ಮೇಜಿನ ಕೆಳಗೇ ಇತ್ತು,
ಕಾಲಿಗೆ ತಾಗುತ್ತ, ಬೆಕ್ಕು ಮಲಗಿದ ಹಾಗೆ.
ಸುಳ್ಳು ವಸಂತ ದಾಟಿತು.
ರಾತ್ರಿ ಕಗಾರು ಹಕ್ಕಿಗಳು ಬಂಡೆಯ ಪೊಟರೆಯಲ್ಲಿ
ಎಳೆಮಕ್ಕಳ ಹಾಗೆ ಅತ್ತವು. ಪ್ರತಿ ವರ್ಷ ಅಳುತ್ತವೆ.

ಮೇ ಕೊನೆಗೆ ತಪಾಸಣೆ. ಕಟ್ಟು ಬಿಚ್ಚಿ ಹಾಳೆ ಎಣಿಸಿದೆ.
ತಳದಲ್ಲಿ, ಓದಿದವರು ಸಹಿ ಹಾಕುವ ಚೀಟಿ.
ಒಂದೇ ಸಹಿ. ಎರ್ಮೀನಿಯು.
ಹನ್ನೊಂದು ವರ್ಷ ಹಳೆಯದು. ಕೊಟ್ಟವರ ಜಾಗದಲ್ಲಿ
ನನ್ನದೇ ರುಜು.
ಆಮೇಲೂ ಹನ್ನೊಂದು ಬೇಸಿಗೆ ಇಳಿದಿದ್ದಾನೆ.

ಶನಿವಾರ ಚೀಸ್ ಕೊಳ್ಳುವ ನೆಪದಲ್ಲಿ ಗುಡ್ಡ ಹತ್ತಿದೆ.
ಅವನು ಕೊಟ್ಟಿಗೆಯಲ್ಲಿದ್ದ. ಜುಲ್ಮೀರಾ ಬಟ್ಟೆ ಸರಿಸಿ
ಕಲ್ಲು ಎತ್ತಿ ಪಕ್ಕಕ್ಕಿಟ್ಟಳು.
ಹಾಲೊಡಕು ತೊಟ್ಟಿಕ್ಕುವ ಬಿಳಿ ಕಲ್ಲು, ಈ ದ್ವೀಪದ್ದಲ್ಲ.
ನಡುವೆ ತೂತು. ತೂತಿನ ಅಂಚಿಗೆ
ಹಗ್ಗ ಸವೆಸಿದ ಗೆರೆ:
ಇಳಿಯುವವನು ಬೇಗ ತಳ ಮುಟ್ಟಲೆಂದು
ಮೈಗೆ ಕಟ್ಟುತ್ತಿದ್ದ ಭಾರ.
ಬೆರಳು ತೂರಿಸಿದೆ. ತಣ್ಣಗಿತ್ತು.

ಸೋಮವಾರ ಕೈ ತೊಳೆದು ತೋರಿಸಿದ,
ಅಂಗೈ ಒಮ್ಮೆ, ಮುಂಗೈ ಒಮ್ಮೆ.
"ಈ ಬೇಸಿಗೆಯೂ ಇಳಿಯುತ್ತೀಯಾ?" ಎಂದೆ.
ಕನ್ನಡಕ ಒರೆಸುತ್ತ, ನನ್ನ ಕಡೆ ನೋಡದೆ,
"ಇನ್ನೊಂದು ಇರಬೇಕಲ್ಲ" ಎಂದ.